ಬಾವಿಗೆ ವಾಪಸ್ಸು ಬಿಟ್ಟ ನೀರು

ಈಗ ವಾಟರ್ ಫಿಲ್ಟರಿನ ಕೆಲಸಕ್ಕೆ ಸೇರುವ ಹುಡುಗರಿಗೆ ಮೊಬೈಲಿನಲ್ಲೇ ತರಬೇತಿಯಂತೆ. ವಿಡಿಯೊ ನೋಡಿ, ಒಂದೆರಡು ಮೆಷಿನ್ ಬಿಚ್ಚಿ ಜೋಡಿಸಿದರೆ ಸಾಕು, ಕೈಗೆ ಬ್ಯಾಗು ಬರುತ್ತದೆ. ಸಂತೋಷ. ನನಗೆ ಕಲಿಸಿದ್ದು ಮಂಗಳೂರಿನ ಕಚೇರಿಯಲ್ಲಿದ್ದ ನಮ್ಮ ಮ್ಯಾನೇಜರು. ಅವರು ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. ಬೈಗುಳದಿಂದ ಕಲಿತದ್ದು ಬೇಗ ಮರೆಯುವುದಿಲ್ಲ ಎಂಬುದು ಬೇರೆ ಮಾತು. ಆ ವಿಡಿಯೊಗಳಲ್ಲಿ ಇರಲಾರದ ಒಂದಷ್ಟು ಸಂಗತಿಗಳನ್ನು ಬರೆದಿಡೋಣವೆಂದು ಕುಳಿತಿದ್ದೇನೆ. ನಿವೃತ್ತನಾದವನಿಗೆ ಪುರುಸೊತ್ತೂ ಇದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆಗೆ ನಾನೊಬ್ಬನೇ ಸರ್ವೀಸಿನವನಾಗಿದ್ದೆ. ಬಸ್ಸಿನ ಡ್ರೈವರಿಗೆ ಕಂಡಕ್ಟರಿದ್ದಾನೆ, ಗಾರೆಯವನಿಗೆ ಕಲ್ಲು ಕೊಡುವವನಿದ್ದಾನೆ. ನಮಗೆ ಯಾರೂ ಇಲ್ಲ. ಒಬ್ಬರೇ ಹೋಗಿ, ಪರರ ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ನಿಂತು, ಕೆಲಸ ಮುಗಿಸಿ ಬರಬೇಕು. ಮುಚ್ಚಳ ತೆಗೆಯುವವರೆಗೆ ಮನೆಯವರು ನೋಡುತ್ತಾರೆ. ಒಳಗಿನ ಪೈಪುಗಳ ಸಿಕ್ಕು ಕಂಡ ಕೂಡಲೇ ಟಿವಿಯ ಎದುರಿಗೆ ಹೋಗುತ್ತಾರೆ. ಹೊರಡುವಾಗ ಜಗಲಿಯಲ್ಲಿ ಒಂದು ಲೋಟ ಚಹಾ. ಮೆಷಿನ್ ಸರಿಯಿದ್ದಷ್ಟು ದಿನ ನಮ್ಮ ನೆನಪು ಯಾರಿಗೂ ಬರುವುದಿಲ್ಲ, ಬಂದರೆ ಸಿಟ್ಟಿನಲ್ಲೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಆ ಮನೆಯವರಿಗೆ ನನ್ನ ಹೆಸರು ಗೊತ್ತಿರಲಿಲ್ಲ.

ನನ್ನ ಹೆಂಡತಿ ನೆಬಿಸಾ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಜ್ವರ ಬಂದು ಹೋಗಿಬಿಟ್ಟಳು. ಮಕ್ಕಳಾಗಿರಲಿಲ್ಲ. ಪಾಣೆಮಂಗಳೂರಿನಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಬಾಡಿಗೆಗೆ ಕೋಣೆ ಹಿಡಿದೆ, ಈಗಲೂ ಅಲ್ಲೇ ಇದ್ದೇನೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಈ ಕೆಲಸದ ಒಂಟಿತನ ಮನೆಗೆ ಹೋದ ಮೇಲೆ ಕಳೆಯುತ್ತದೆ ಎಂದು ಕೆಲವರು ಅಂದುಕೊಂಡಿರುತ್ತಾರೆ. ನನಗೆ ಕಳೆಯಲಿಲ್ಲ.

ಮೊದಲು ಒಂದು ಎಡವಟ್ಟಿನ ಕಥೆ ಹೇಳಿಬಿಡುತ್ತೇನೆ. ಬೆಳ್ತಂಗಡಿಯ ಆಚೆ ಗುಡ್ಡದ ಬುಡದಲ್ಲಿ ಒಂದು ಮನೆ. ಮೆಷಿನ್ ಓಡುತ್ತದೆ, ಸದ್ದು ಮಾಡುತ್ತದೆ, ಟ್ಯಾಂಕ್ ಮಾತ್ರ ತುಂಬುವುದಿಲ್ಲ. ಎಲ್ಲ ನೀರೂ ವೇಸ್ಟ್ ಪೈಪಿನಲ್ಲಿ ಹೋಗುತ್ತದೆ. ಪಂಪ್ ಬದಲಿಸಿದೆ. ಆಗಲಿಲ್ಲ. ಮತ್ತೊಮ್ಮೆ ಹೋಗಿ ನೀರು ಸೋಸುವ ಮೆಂಬ್ರೇನನ್ನೇ ಬದಲಿಸಿದೆ. ಆಗಲಿಲ್ಲ. ಕೊನೆಗೆ ನೋಡಿದರೆ ವೇಸ್ಟ್ ಪೈಪಿನಲ್ಲಿ ಇರಬೇಕಾದ ಬೆರಳುದ್ದದ ಪ್ಲಾಸ್ಟಿಕ್ ತುಂಡೇ ಇಲ್ಲ. ಪೈಪ್ ಉದ್ದವಾಯಿತೆಂದು ಮನೆಯವರು ಕತ್ತರಿಸುವಾಗ ಅದನ್ನೂ ಎಸೆದಿದ್ದರು. ಅದಕ್ಕೆ ರೆಸ್ಟ್ರಿಕ್ಟರ್ ಎನ್ನುತ್ತೇವೆ. ಹೊರಗೆ ಹೋಗುವ ದಾರಿಯನ್ನು ಅದು ಇಕ್ಕಟ್ಟು ಮಾಡುತ್ತದೆ. ಆಗ ಪಂಪ್ ತಳ್ಳಿದ ನೀರಿಗೆ ಒತ್ತಡ ಬಂದು ಒಂದಷ್ಟು ನೀರು ಮೆಂಬ್ರೇನಿನ ಪೊರೆಯನ್ನು ದಾಟುತ್ತದೆ. ಹೊರದಾರಿ ಸಲೀಸಾಗಿದ್ದರೆ ಯಾವ ನೀರು ತಾನೇ ಕಷ್ಟಪಟ್ಟು ಪೊರೆ ದಾಟೀತು? ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ.

"ಹಮೀದ್, ನೀನು ಮೆಷಿನ್ ಬಿಚ್ಚುವುದಾ, ಹಲಸಿನಹಣ್ಣು ಬಿಡಿಸುವುದಾ?" ಎಂದು ಕೇಳಿದರು. ಅವರ ಬಾಯಿಂದ ಬಂದದ್ದರಲ್ಲಿ ಇದು ಸಭ್ಯವಾದದ್ದು.

ಇನ್ನು ಗಲ್ಫಿನ ಮೆಷಿನ್‌ಗಳು. ಪಾಣೆಮಂಗಳೂರಿನಿಂದ ಕನ್ಯಾನದವರೆಗೂ ಇವು ಬೇಕಾದಷ್ಟಿದ್ದವು. ಗಂಡ ರಜೆಯಲ್ಲಿ ಬಂದವನು, ಅಲ್ಲಿ ಬಾಟಲಿ ನೀರು ಕುಡಿದು ಅಭ್ಯಾಸವಾಗಿ, ಬಾವಿಯ ನೀರು ಸೇರದೆ ಮೆಷಿನ್ ಹಾಕಿಸುತ್ತಾನೆ. ರಜೆ ಮುಗಿಸಿ ವಿಮಾನ ಹತ್ತುತ್ತಾನೆ. ಹೆಂಡತಿ ಅಂದೇ ಸ್ವಿಚ್ ಆಫ್ ಮಾಡುತ್ತಾಳೆ. ಒಳಗೆ ಮೆಂಬ್ರೇನ್ ಒಣಗುತ್ತದೆ. ತೆಳ್ಳಗಿನ ಹಾಳೆಗಳನ್ನು ಚಾಪೆಯ ಹಾಗೆ ಸುತ್ತಿಟ್ಟ ವಸ್ತು ಅದು. ಒಮ್ಮೆ ಒದ್ದೆಯಾದ ಮೇಲೆ ಒಣಗಿದರೆ ಮತ್ತೆ ಸರಿಯಾಗುವುದಿಲ್ಲ. ಹಾಗಾಗಿ ನಮ್ಮ ಊರಲ್ಲಿ ಯಾರ ಗಂಡ ಯಾವಾಗ ಬರುತ್ತಾನೆಂದು ನೆರೆಮನೆಯವರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಒಮ್ಮೆ ಜೋಹರಾ ಎಂಬಾಕೆ ಫೋನ್ ಮಾಡಿದಳು.

"ಹಮೀದಾಕ, ನಾಡಿದ್ದು ಇವರು ಬರ್ತಾರೆ. ಮೆಷಿನಲ್ಲಿ ನೀರೇ ಬರುವುದಿಲ್ಲ."

"ಯಾವಾಗಿಂದ ಆಫ್ ಮಾಡಿದ್ದು?"

"ಅವರು ಹೋದ ದಿನದಿಂದ."

ಹೋಗಿ ಹೊಸ ಮೆಂಬ್ರೇನ್ ಹಾಕಿದೆ. "ದಿನಾ ಸ್ವಲ್ಪ ಹೊತ್ತಾದರೂ ಓಡಿಸಿ ಅಂತ ಹೇಳಿದ್ದೆನಲ್ಲ" ಎಂದೆ. ಬಾಗಿಲ ಆಚೆಯಿಂದ ಅವಳು, "ನಾನೊಬ್ಬಳಿಗೆ ಎಂತದ್ದಕ್ಕೆ ಹಮೀದಾಕ? ಆ ಸದ್ದು ಕೇಳಿದ್ರೆ ಅವರು ಇದ್ದಾರೆ ಅಂತಲೇ ಅನಿಸ್ತದೆ. ಮತ್ತೆ ನೋಡಿದ್ರೆ ಇರುವುದಿಲ್ಲ" ಎಂದಳು. ನೆಬಿಸಾ ಹೋದ ಮೇಲೆ ನಾನು ರೇಡಿಯೊ ಹಾಕುವುದನ್ನು ಬಿಟ್ಟಿದ್ದೂ ಇಂಥದ್ದೇ ಕಾರಣಕ್ಕೆ.

ಇವೆಲ್ಲ ನಾಲ್ಕು ಜನರಿಗೆ ಹೇಳಿ ನಗಬಹುದಾದ, ಇಲ್ಲವೇ ನಿಟ್ಟುಸಿರು ಬಿಡಬಹುದಾದ ಕಥೆಗಳು. ನಾನು ಬರೆಯಲೇಬೇಕೆಂದು ಕುಳಿತದ್ದು ಮೂಡುಬಿದಿರೆಯ ಒಂದು ಮನೆಯ ವಿಷಯ.

ಬಸದಿಯ ಹಿಂದಿನ ಓಣಿಯಲ್ಲಿ ಆ ಜೈನರ ಮನೆ. ಅಜಿತ್ ಎಂಬವರು ಮನೆಯ ಯಜಮಾನ. ಮೇಲಿನ ಮಾಳಿಗೆಯಲ್ಲಿ ಕಾಲೇಜು ಹುಡುಗರನ್ನು ಊಟ ವಸತಿ ಕೊಟ್ಟು ಇಟ್ಟುಕೊಂಡಿದ್ದರು. ಹುಡುಗರನ್ನು ಬಿಡಲು ಬಿಜಾಪುರದಿಂದಲೋ ದಾವಣಗೆರೆಯಿಂದಲೋ ಬರುವ ತಂದೆತಾಯಿ ಮೊದಲು ಕೇಳುವುದೇ "ಆರ್‌ಒ ನೀರು ಇದೆಯಾ?" ಎಂದು. ಬಾವಿಯ ನೀರು ಕೆಟ್ಟದ್ದೇನೂ ಆಗಿರಲಿಲ್ಲ. ಆದರೂ ಮೆಷಿನ್ ಇಲ್ಲದೆ ವ್ಯಾಪಾರವಿಲ್ಲ ಎಂದಾಯಿತು. ಕೆಳಗಿನ ಅಡುಗೆಮನೆಯಲ್ಲಿ ದೊಡ್ಡ ಮೆಷಿನ್ ಹಾಕಲು ಹೋದೆ.

ಅಲ್ಲಿ ಅಜಿತರ ದೊಡ್ಡಮ್ಮ ಸುನಂದಮ್ಮ ಕುಳಿತಿದ್ದರು. ಬಿಳಿ ಸೀರೆ, ಮಂಡಿನೋವಿನ ಕಾಲನ್ನು ನೀಡಿಕೊಂಡು ಮಣೆಯ ಮೇಲೆ. ನನ್ನ ಸರ್ವೀಸಿನಲ್ಲಿ ಯಾರೂ ಕೇಳದ ಮಾತು ಅವರು ಕೇಳಿದರು.

"ಇದರೊಳಗೆ ಎಂತೆಲ್ಲ ಉಂಟು? ಒಂದೊಂದಾಗಿ ಹೇಳಿ, ಹಮೀದರೇ. ಅವಸರ ಇಲ್ಲ."

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲನೆಯ ಫಿಲ್ಟರ್ ತೋರಿಸಿ, ಇದು ಒತ್ತಾಗಿ ಸುತ್ತಿದ ನೂಲು, ಮಣ್ಣು ಕಸ ಹಿಡಿಯುತ್ತದೆ ಎಂದೆ. "ಬಟ್ಟೆಯಲ್ಲಿ ಸೋಸಿದ ಹಾಗೆ" ಎಂದು ತಲೆಯಾಡಿಸಿದರು. ಎರಡನೆಯದು ಇದ್ದಿಲು, ವಾಸನೆ ತೆಗೆಯುತ್ತದೆ ಎಂದೆ.

"ಎಂತದ್ದರ ಇದ್ದಿಲು? ಎಲುಬಿನದ್ದಲ್ಲವಷ್ಟೆ?"

"ತೆಂಗಿನ ಗೆರಟೆಯದ್ದು ಅಮ್ಮ."

ಮೆಂಬ್ರೇನಿನ ವಿಷಯ ಬಂದಾಗ ನಿಧಾನಕ್ಕೆ ಹೇಳಿದೆ. ಪಂಪಿನ ಒತ್ತಡಕ್ಕೆ ನೀರು ಪೊರೆಯ ಮೂಲಕ ಜಿನುಗಿ ನಡುವಿನ ಕೊಳವೆಗೆ ಸೇರುತ್ತದೆ. ಉಪ್ಪು ಮತ್ತು ಕಣ್ಣಿಗೆ ಕಾಣದ್ದೆಲ್ಲ ದಾಟಲಾಗದೆ ಉಳಿದ ನೀರಿನ ಜೊತೆ ಹೊರಗೆ ಹೋಗುತ್ತದೆ. ಕೊನೆಯಲ್ಲಿ ನೀಲಿ ದೀಪದ ಕೊಳವೆ. "ಅದು ಎಂತ ಮಾಡ್ತದೆ?" ಎಂದರು. ನಾನು ತಡವರಿಸಿದೆ. ಅಷ್ಟು ವರ್ಷ ಎಲ್ಲ ಮನೆಗಳಲ್ಲೂ ಹೆಮ್ಮೆಯಿಂದ ಹೇಳಿದ್ದ ಮಾತು, "ಉಳಿದ ಕ್ರಿಮಿಗಳನ್ನು ಕೊಲ್ಲುತ್ತದೆ" ಎಂದು. ಅವರ ಎದುರಿಗೆ ಅದು ಬಾಯಿಂದ ಹೊರಡಲಿಲ್ಲ. ಸುಮ್ಮನೆ ಅದರ ವಯರ್ ಕಳಚಿ ಕೈಯಲ್ಲಿ ಹಿಡಿದು, "ಇದು ಇಲ್ಲದಿದ್ರೂ ನಡೀತದೆ" ಎಂದೆ. ಅವರು ನಕ್ಕರು.

ಆಮೇಲೆ ಅವರು ತಮ್ಮ ಪದ್ಧತಿ ಹೇಳಿದರು. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಅದೇ ಬಾವಿಗೆ ಬಿಡಬೇಕು. ಎತ್ತರದಿಂದ ಹುಯ್ಯಬಾರದು, ಮೆಲ್ಲನೆ ಇಳಿಸಬೇಕು. ಆ ಜೀವಗಳ ನೀರು ಆ ಜೀವಗಳಿಗೇ. ಚಿಕ್ಕಂದಿನಿಂದ ಬಿಡದೆ ನಡೆಸಿದ ವ್ರತ. ಈಗ ಮಂಡಿ ಕೈಕೊಟ್ಟು ಬಾವಿಯ ತನಕ ನಡೆದು ಹಗ್ಗ ಎಳೆಯಲು ಆಗುವುದಿಲ್ಲ. ಟ್ಯಾಂಕಿನ ನಲ್ಲಿಗೆ ಬಟ್ಟೆ ಕಟ್ಟಿ ಸೋಸಬಹುದು, ಆದರೆ ಬಟ್ಟೆ ತೊಳೆದ ನೀರನ್ನು ಬಾವಿಗೆ ಮುಟ್ಟಿಸುವವರು ಯಾರು?

"ನಿಮ್ಮ ಮೆಷಿನು ದಾಟದೆ ಉಳಿದದ್ದನ್ನು ಹೊರಗೆ ಬಿಡ್ತದೆ ಅಂದ್ರಲ್ಲ. ಹೊರಗೆ ಅಂದ್ರೆ ಎಲ್ಲಿಗೆ?"

"ಮೋರಿಗೆ ಅಮ್ಮ."

"ಬಾವಿಗೆ ಬಿಡ್ಲಿಕ್ಕೆ ಆಗ್ತದಾ?"

ಆಗುತ್ತಿತ್ತು. ಆಗ ಟ್ಯಾಂಕಿಗೆ ಬರುತ್ತಿದ್ದದ್ದು ಆ ಬಾವಿಯದ್ದೇ ನೀರು. ವೇಸ್ಟ್ ಪೈಪನ್ನು ಅಂಗಳದ ಬದಿಯಿಂದ ಎಳೆದು, ಬಾವಿಯ ಒಳಗೋಡೆಗೆ ತಾಗಿಸಿ ನೀರಿನ ಮಟ್ಟದವರೆಗೆ ಇಳಿಸಿದೆ. ಮಳೆಗಾಲದಲ್ಲಿ ಪೈಪ್ ಗಿಡ್ಡ ಮಾಡಬೇಕು, ಬೇಸಿಗೆಯಲ್ಲಿ ಉದ್ದ. ಅದಕ್ಕೆಂದೇ ಅಲ್ಲಿಗೆ ಹೋಗುವುದು ಹೆಚ್ಚಾಯಿತು. ಹೋದಾಗಲೆಲ್ಲ ನೂಲಿನ ಫಿಲ್ಟರ್ ಹೊರತೆಗೆದು ಅವರಿಗೆ ತೋರಿಸಬೇಕಿತ್ತು. ಆಮೇಲೆ ಅವರು ಕೊಟ್ಟ ಸೋಸಿದ ನೀರಿನಲ್ಲಿ ಅದನ್ನು ಅಲುಬಿ, ಆ ನೀರನ್ನು ಕೊಡಪಾನದಲ್ಲಿ ಬಾವಿಗೆ ಇಳಿಸಬೇಕಿತ್ತು. "ಪೂರ್ತಿ ಸರಿ ಅಲ್ಲ, ಕೈಲಾದಷ್ಟು" ಎನ್ನುತ್ತಿದ್ದರು. ಬ್ಯಾರಿ ಮುಸಲ್ಮಾನನೊಬ್ಬ ಜೈನರ ಬಾವಿಕಟ್ಟೆಯಲ್ಲಿ ಕುಳಿತು ಜೀವಗಳನ್ನು ಮನೆಗೆ ಕಳಿಸುತ್ತಿರುವುದನ್ನು ಮೇಲಿನಿಂದ ಕಾಲೇಜು ಹುಡುಗರು ನೋಡಿ ನಗುತ್ತಿದ್ದರು. ನಗಲಿ. ನನ್ನ ಕೆಲಸವನ್ನು ಪೂರ್ತಿ ಕೂತು ನೋಡುವ ಮನುಷ್ಯರು ನನಗೆ ಬೇರೆ ಇರಲಿಲ್ಲ. ಮೂಡುಬಿದಿರೆಯ ಕಂಪ್ಲೇಂಟ್ ಬಂದರೆ ನಾನು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದೆ. ಹೇಳಲು ನಾಚಿಕೆ, ಆದರೆ ನಿಜ.

ವರ್ಷಗಳು ಹೀಗೆ ಹೋದವು. ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ, ಅಭ್ಯಾಸದಂತೆ ಒಳಬರುವ ನೀರಿಗೆ ಟಿಡಿಎಸ್ ಮೀಟರ್ ಅದ್ದಿದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಪೆನ್ನಿನಂಥ ಸಾಧನ ಅದು. ಅಂಕಿ ಹಿಂದಿಗಿಂತ ಎಷ್ಟೋ ಮೇಲಕ್ಕೆ ಹೋಯಿತು. ಆ ಬಾವಿಯ ನೀರು ಅದಲ್ಲ. ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಅಜಿತ್ ನಿಂತಿದ್ದರು.

"ಬೋರ್ ಹೊಡೆಸಿದೆ ಹಮೀದರೇ. ಹುಡುಗರು ಹೆಚ್ಚಾದ್ರು, ಬಾವಿ ಸಾಕಾಗುವುದಿಲ್ಲ. ದೊಡ್ಡಮ್ಮ ತಂಗಿಯ ಮನೆಗೆ ಹೋಗಿದ್ದಾಗ ಟ್ಯಾಂಕಿನ ಲೈನ್ ಬದಲಿಸಿದ್ದು. ಅವರಿಗೆ ಹೇಳ್ಬೇಡಿ ಮಾರಾಯ್ರೆ."

"ಅವರು ಕೇಳಿದ್ರೆ?"

"ಕೇಳುವುದು ಯಾಕೆ? ನಿಮ್ಮ ಮೆಷಿನಿಂದ ಬಂದ ಮೇಲೆ ಎಲ್ಲ ನೀರಿಗೂ ಒಂದೇ ರುಚಿ ಅಲ್ವಾ? ಗೊತ್ತಾದ್ರೆ ಅವರು ಈ ನೀರು ಕುಡಿಯುವುದಿಲ್ಲ. ಬಾವಿಗೇ ಹೋಗ್ತಾರೆ. ಆ ಮಂಡಿಯಲ್ಲಿ ಹೋಗಿ ಬಿದ್ರೆ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಕೆಟ್ಟವರೂ ಅಲ್ಲ. ಆದರೆ ಒಳಗೆ ಸುನಂದಮ್ಮ ಕುಡಿಯುತ್ತಿದ್ದದ್ದು ಬೋರಿನ ನೀರು, ಬಾವಿಗೆ ಹೋಗುತ್ತಿದ್ದದ್ದೂ ಅದೇ ಬೋರಿನ ನೀರು. ಅವರ ವ್ರತ ಮುರಿದು ಎಷ್ಟು ದಿನವಾಯಿತೋ, ಅವರಿಗೆ ಗೊತ್ತೇ ಇಲ್ಲ. ಗೊತ್ತಿದ್ದವನು ನಾನು.

ಅಡುಗೆಮನೆಗೆ ಬಂದೆ. ಅವರು ಮಣೆಯ ಮೇಲೆ ಕುಳಿತು ಸೋಸಿದ ನೀರಿನ ಪಾತ್ರೆಯನ್ನು ಮುಂದಿಟ್ಟುಕೊಂಡಿದ್ದರು. ಫಿಲ್ಟರಿನ ಡಬ್ಬಿ ತಿರುಗಿಸಿ ತೆಗೆದೆ. ಪ್ರತಿಸಲ ಪಾಚಿಯ ಬಣ್ಣವಿರುತ್ತಿದ್ದ ನೂಲು ಬೋರಿನ ಕಬ್ಬಿಣದ ಅಂಶಕ್ಕೆ ಕೆಂಪಗೆ ತುಕ್ಕಿನಂತಾಗಿತ್ತು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಹೊಸತನ್ನು ಕೂರಿಸಿ, "ಇವತ್ತು ಅವಸರ ಉಂಟಮ್ಮ" ಎಂದು ಹೊರಟರೆ ಮುಗಿಯುತ್ತಿತ್ತು.

"ತೋರಿಸಿ" ಎಂದರು.

ತೋರಿಸಿದೆ.

ಬೆರಳಿನಿಂದ ನೂಲನ್ನು ಒತ್ತಿ ನೋಡಿದರು. "ಇದು ನಮ್ಮ ಬಾವಿಯದ್ದಲ್ಲ."

"ಅಲ್ಲ ಅಮ್ಮ. ಬೋರಿನದ್ದು."

"ಬೋರಿನದ್ದನ್ನು ಬೋರಿಗೆ ವಾಪಸ್ಸು ಬಿಡ್ಲಿಕ್ಕೆ ಆಗ್ತದಾ?"

"ಆಗುವುದಿಲ್ಲ. ಅದರ ಬಾಯಿ ಮುಚ್ಚಿರ್ತದೆ, ಒಳಗೆ ಮೋಟಾರು. ಮೆಲ್ಲನೆ ಇಳಿಸುವ ಜಾಗ ಅಲ್ಲ ಅದು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾವಿಯ ಪೈಪ್ ತೆಗೆಯಲು ಹೇಳಿದರು. ತೆಗೆದೆ. ಹೊರಗೆ ಅಜಿತ್ ನನ್ನನ್ನು ತಡೆದು, "ನಿಮ್ಮನ್ನು ಕರೆದದ್ದು ಮೆಷಿನ್ ರಿಪೇರಿಗೆ. ಇನ್ನು ನೀವು ಬರುವುದು ಬೇಡ" ಎಂದರು. ಕಚೇರಿಗೂ ಹೇಳಿರಬೇಕು. ಮುಂದಿನ ಸಲದಿಂದ ಆ ಮನೆಗೆ ಕಾರ್ಕಳದ ಕಡೆಯ ಸರ್ವೀಸಿನವನು ಹೋಗತೊಡಗಿದ.

ನಾನು ಆ ಓಣಿಯ ಬಾಯಿಯಲ್ಲಿ ಎಷ್ಟೋ ಸಲ ಸ್ಕೂಟರ್ ನಿಲ್ಲಿಸಿದ್ದೇನೆ. ರಾಟೆಯ ಸದ್ದು ಕೇಳಿದರೆ, ಸರಿ, ಮೆಷಿನಿನ ನೀರು ಬಿಟ್ಟ ಸುನಂದಮ್ಮ ಆ ಮಂಡಿಯಲ್ಲೇ ಬಾವಿಯ ನೀರು ಸೇದುತ್ತಿದ್ದಾರೆ, ಕಾಲು ನಡೆಯುತ್ತಿದೆ ಎಂದು ಸಮಾಧಾನ. ಒಳಗೆ ಹೋಗುವ ಹಾಗಿರಲಿಲ್ಲ. ಕೆಲಸವಿಲ್ಲದೆ ಯಾರ ಮನೆಗೂ ಹೋಗಿ ಗೊತ್ತಿಲ್ಲದವನು ನಾನು. ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದೆಸಿದರು, ಗೋಡೆ ಗಡಿಯಾರ ಕೊಟ್ಟರು. ಮಾರನೆಯ ದಿನದಿಂದ ಫೋನ್ ಸುಮ್ಮನಾಯಿತು. ಬೈಯುವವರೂ ಬೇಕಾಗುತ್ತಾರೆ ಎಂದು ತಿಳಿದದ್ದು ಆಗಲೇ.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಅಜಿತರ ಫೋನ್ ಬಂತು. "ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಿದ್ರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ಇನ್ನು ನಡೆಯುವುದು ಕಷ್ಟ ಅಂತೆ. ನಿಮ್ಮನ್ನು ಕೇಳ್ತಾ ಇದ್ದಾರೆ. ಒಮ್ಮೆ ಬಂದು ಹೋಗಿ."

ಸ್ಕೂಟರ್ ಮಾರಿಯಾಗಿತ್ತು. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ಕುಳಿತೆ. ಕೈಯಲ್ಲಿ ಬ್ಯಾಗು ಇಲ್ಲದೆ ಆ ದಾರಿಯಲ್ಲಿ ಹೋದದ್ದು ಅದೇ ಮೊದಲು. ನಾನು ಆ ಫಿಲ್ಟರನ್ನು ತೋರಿಸದೇ ಇದ್ದಿದ್ದರೆ ಅವರು ಬೀಳುತ್ತಿರಲಿಲ್ಲ. ಬಸ್ಸಿಡೀ ಇದೊಂದೇ ಯೋಚನೆ.

ಅಂಗಳಕ್ಕೆ ಕಾಲಿಟ್ಟಾಗ ಅಜಿತರೇ ಬಾವಿಯಿಂದ ನೀರು ಸೇದುತ್ತಿದ್ದರು. ನನ್ನನ್ನು ಕಂಡು ಕೊಡಪಾನ ಕೆಳಗಿಟ್ಟರು. ದನಿ ಏರಿಸಲಿಲ್ಲ.

"ನಿಜ ಹೇಳಿ ನೀವು ಸ್ಕೂಟರ್ ಹತ್ತಿ ಹೋದ್ರಿ, ಹಮೀದರೇ. ಹಗ್ಗ ಹಿಡಿದದ್ದು ಅವರು. ಈಗ ನಾನು."

ಅವರು ಬಿಂದಿಗೆಯ ಬಾಯಿಗೆ ಬಿಳಿ ಬಟ್ಟೆ ಹಾಕಿ ನೀರು ಸೋಸಿದರು. ಅಷ್ಟರಲ್ಲಿ ಮೇಲಿನಿಂದ ಯಾರೋ ಹುಡುಗ, "ಅಂಕಲ್, ತಿಂಡಿ ಆಯ್ತಾ? ಕ್ಲಾಸಿಗೆ ಲೇಟಾಯ್ತು" ಎಂದು ಕೂಗಿದ. ಅಜಿತ್ ಬಟ್ಟೆಯನ್ನು ಹಾಗೆಯೇ ಅಂಗಳದ ಹಗ್ಗಕ್ಕೆ ಎಸೆದು, ಬಿಂದಿಗೆ ಎತ್ತಿಕೊಂಡು ಒಳಗೆ ಹೋದರು. ನಾನು ಹಿಂದೆ ಹೋದೆ.

ಸುನಂದಮ್ಮ ಕಿಟಕಿಯ ಹತ್ತಿರದ ಮಂಚದಲ್ಲಿದ್ದರು. ತುಂಬ ಸಣ್ಣಗಾಗಿದ್ದರು. ಅಜಿತ್ ಬಿಂದಿಗೆ ಇಟ್ಟಾಗ, "ಬಟ್ಟೆ ತೊಳೆದು ಬಾವಿಗೆ ಬಿಟ್ಟಿಯಾ?" ಎಂದು ಕೇಳಿದರು.

"ಬಿಟ್ಟೆ ದೊಡ್ಡಮ್ಮ" ಎನ್ನುತ್ತ ಅವರು ಮೆಟ್ಟಿಲು ಹತ್ತಿ ಹೋದರು.

ಅವರ ಹೆಜ್ಜೆಯ ಸದ್ದು ಮೇಲೆ ಹೋದ ಮೇಲೆ ಸುನಂದಮ್ಮ ನನ್ನ ಕಡೆ ತಿರುಗಿದರು. "ದಿನಾ ಬಿಟ್ಟೆ ಅಂತಾನೆ. ಪಾಪ, ಅವನಿಗೂ ಕೆಲಸ ಜಾಸ್ತಿ. ಇಲ್ಲಿಂದ ನನಗೆ ಬಾವಿ ಕಾಣುವುದಿಲ್ಲ. ಆ ಫಿಲ್ಟರನ್ನು ಅಡಗಿಸದೆ ತೋರಿಸಿದವರು ನೀವು. ನಿಮ್ಮನ್ನು ಕೇಳಿದ್ರೆ ಗೊತ್ತಾಗ್ತದೆ ಅಂತ ಕರೆಸಿದ್ದು. ಹಮೀದರೇ, ಅವನು ಬಿಟ್ಟನಾ?"

ನನ್ನ ಒಂದು ನಿಜ ಅವರನ್ನು ಆ ಮಂಚದ ಮೇಲೆ ಮಲಗಿಸಿತ್ತು. ಮೇಲೆ ಅಜಿತರ ದನಿ ಕೇಳಿಸುತ್ತಿತ್ತು. "ಬಿಟ್ಟರಮ್ಮ" ಎಂದರೆ ಮೂವರಿಗೂ ಸುಖ. ಅವರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅಮ್ಮ" ಎಂದೆ. "ಬಟ್ಟೆ ಹಗ್ಗದ ಮೇಲೆ ಉಂಟು, ಇನ್ನೂ ಒಣಗಲಿಲ್ಲ. ನಾನು ಬಿಟ್ಟು ಬರ್ತೇನೆ."

ಅವರು ಕಣ್ಣು ಮುಚ್ಚಿ, "ಎತ್ತರದಿಂದ ಹುಯ್ಯಬೇಡಿ" ಎಂದರು.

ಬಿಂದಿಗೆಯಿಂದ ಒಂದು ಪಾತ್ರೆ ಸೋಸಿದ ನೀರು ತೆಗೆದುಕೊಂಡು ಅಂಗಳಕ್ಕೆ ಬಂದೆ. ಬಟ್ಟೆಯನ್ನು ಅದರಲ್ಲಿ ಮೆತ್ತಗೆ ಅಲುಬಿ, ಆ ನೀರನ್ನು ಕೊಡಪಾನಕ್ಕೆ ಹಾಕಿ, ಹಗ್ಗ ಬಿಡುತ್ತ ಬಿಡುತ್ತ ಬಾವಿಯ ನೀರಿಗೆ ತಾಗಿಸಿ ಓರೆ ಮಾಡಿದೆ. ಸದ್ದಾಗಲಿಲ್ಲ. ಒಳಗೆ ಹೋಗಿ "ಆಯ್ತಮ್ಮ" ಎಂದೆ.

"ನಾಳೆ?" ಎಂದರು.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗ, ನಾಳೆ ಬಿ.ಸಿ. ರೋಡಿನಿಂದ ಇತ್ತ ಬರುವ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿದೆ. ಅವನು ಹೇಳಿದ. ಹೇಳಿ, "ಕೆಲಸ ಉಂಟಾ?" ಎಂದು ಕೇಳಿದ.

"ಉಂಟು" ಎಂದೆ.